ಡಿಯೆಪ್‌ನಲ್ಲಿ ಪುಟೀನ್ ರಾಪೆ, ಫ್ರೆಂಚಲ್ಲೇ ಕೇಳಿ ತಿಂದದ್ದು

ನಮ್ಮ ಕಡೆಯವರು ಯಾರಾದರೂ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಾಂಕ್ಟನ್‌ಗೆ ಹೊಸದಾಗಿ ಬಂದಿದ್ದರೆ, ಹಂದಿ ಮಾಂಸ ತಿನ್ನುವವರಾದರೆ, ಪಕ್ಕದ ಡಿಯೆಪ್‌ನಲ್ಲಿ ಒಂದು ಸಣ್ಣ ಹೋಟೆಲ್ ಇದೆ, ದಯವಿಟ್ಟು ಹೋಗಿ. ಎಂಟೇ ಟೇಬಲ್. ಬಾಗಿಲ ಮೇಲೆ ಅಕೇಡಿಯನ್ನರ, ಅಂದರೆ ಹಿಂದೆ ಈ ಕಡೆ ಬಂದು ನೆಲೆಸಿದ ಫ್ರೆಂಚರ ವಂಶದವರ ಬಾವುಟ, ಫ್ರಾನ್ಸಿನ ಮೂರು ಬಣ್ಣದ ನಡುವೆ ನೀಲಿಯಲ್ಲಿ ಒಂದು ಹಳದಿ ನಕ್ಷತ್ರ. ಹೆಸರು ಇಲ್ಲಿ ಹಾಕುತ್ತಿಲ್ಲ. ನಡೆಸುವ ಅಜ್ಜಿಯೇ ಬೇಡ ಅಂದರು, ದಿನಕ್ಕೆ ನಲವತ್ತು ಪುಟೀನ್‌ಗಿಂತ ಜಾಸ್ತಿ ಅವರ ಕೈಲಿ ಆಗುವುದಿಲ್ಲವಂತೆ. ಬೇಕಾದವರು ಮೆಸೇಜ್ ಮಾಡಿ, ಹೇಳುತ್ತೇನೆ.

ಪುಟೀನ್ ಅಂದ ತಕ್ಷಣ ಫ್ರೆಂಚ್ ಫ್ರೈಸ್ ಮೇಲೆ ಚೀಸ್, ಗ್ರೇವಿ ಸುರಿದದ್ದು ನೆನಪಾಗುತ್ತೆ, ಅಲ್ವಾ? ಅದು ಪಕ್ಕದ ಕ್ವಿಬೆಕ್ ಪ್ರಾಂತ್ಯದವರದ್ದು. ಅಕೇಡಿಯನ್ನರ ಪುಟೀನ್ ರಾಪೆ ಬೇರೆಯೇ. ಹಸಿ ಆಲೂಗಡ್ಡೆ ತುರಿದು, ಬಟ್ಟೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡಿ, ಬೇಯಿಸಿ ಹಿಸುಕಿದ ಆಲೂಗಡ್ಡೆ ಜೊತೆ ಕಲಸಿ, ನಡುವೆ ಉಪ್ಪು ಹಾಕಿಟ್ಟ ಹಂದಿ ಮಾಂಸ ಇಟ್ಟು, ದೊಡ್ಡ ಉಂಡೆ ಮಾಡಿ ಎರಡು ಮೂರು ಗಂಟೆ ಕುದಿಸುತ್ತಾರೆ. ಬಣ್ಣ ಬೂದು. ಮುಟ್ಟಿದರೆ ಅಂಟು. ಮೊದಲ ಸಲ ತಟ್ಟೆಯಲ್ಲಿ ನೋಡಿದಾಗ ತಿನ್ನಬೇಕು ಅಂತ ಅನಿಸಲಿಲ್ಲ. ಚಮಚದಲ್ಲಿ ಒಡೆದೆ, ಹಬೆ ಎದ್ದಿತು, ಒಳಗಿನ ಕೊಬ್ಬು ಕರಗಿ ಸುತ್ತಲಿನ ಆಲೂಗಡ್ಡೆಗೆಲ್ಲ ಇಳಿದಿತ್ತು. ಮಡಿಕೇರಿಯವಳು ನಾನು, ಕಡಂಬುಟ್ಟಿನ ಒಳಗೇ ಪಂದಿ ಸೇರಿಸಿ ಕೊಟ್ಟ ಹಾಗಿತ್ತು. ಮೇಲೆ ಕಾಕಂಬಿ ಸುರಿದುಕೊಂಡು ತಿನ್ನಿ. ಉಪ್ಪು, ಸಿಹಿ ಎರಡೂ ಒಟ್ಟಿಗೆ ಬಾಯಿಗೆ ಬರಬೇಕು.

ಫ್ರಿಕೊ ಕೂಡ ಚೆನ್ನಾಗಿದೆ, ಕೋಳಿ, ಆಲೂಗಡ್ಡೆ ಹಾಕಿದ ತಿಳಿಸಾರು. ಚಳಿಗಾಲಕ್ಕೆ ಸರಿ.

ಆದರೆ ನಾನು ಇಷ್ಟು ಉದ್ದ ಬರೆಯಲು ಕೂತದ್ದು ಊಟಕ್ಕಿಂತ ಅಲ್ಲಿ ಮಾತಾಡಿಸುವ ರೀತಿಗೆ. ಬಾಗಿಲು ತೆರೆದ ಕೂಡಲೇ "ಹಲೋ, ಬೋಂಜೂರ್" ಅನ್ನುತ್ತಾರೆ. ಆಮೇಲೆ ಸುಮ್ನೆ ನಿಲ್ಲುತ್ತಾರೆ. ನೀವು ಯಾವ ಭಾಷೆ ಎತ್ತಿಕೊಂಡರೆ ಅದು. ಇಡೀ ಕೆನಡಾದಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ಅಧಿಕೃತವಾಗಿರುವ ಪ್ರಾಂತ್ಯ ನ್ಯೂ ಬ್ರನ್ಸ್‌ವಿಕ್ ಒಂದೇ, ಹಾಗಾಗಿ ಸರಕಾರಿ ಕಚೇರಿಯಲ್ಲಿ ಹೀಗೆ ಎರಡರಲ್ಲೂ ಮಾತಾಡಿಸಲೇಬೇಕು. ಖಾಸಗಿ ಹೋಟೆಲಿಗೆ ಆ ಕಟ್ಟುಪಾಡಿಲ್ಲ. ಇವರು ತಾವಾಗಿಯೇ ಮಾಡುತ್ತಾರೆ. ನಾನು ತಡವರಿಸಿಕೊಂಡು ಫ್ರೆಂಚಲ್ಲಿ "ಎರಡು ಪುಟೀನ್" ಅಂದೆ. ಬೇರೆ ಕಡೆಯಾದರೆ ಪಾಪ ಅಂತ ತಕ್ಷಣ ಇಂಗ್ಲಿಷಿಗೆ ತಿರುಗುತ್ತಾರೆ. ಅಜ್ಜಿ ತಿರುಗಲಿಲ್ಲ. ನಿಧಾನಕ್ಕೆ, ಬಿಡಿಬಿಡಿಯಾಗಿ, ಬಿಲ್ ಕೊಡುವವರೆಗೂ ಫ್ರೆಂಚಲ್ಲೇ ಮಾತಾಡಿದರು.

ಇದು ಎಷ್ಟು ದೊಡ್ಡದು ಅನ್ನುವುದು ಗೊತ್ತಾಗಬೇಕಾದರೆ ಇನ್ನೊಂದು ಅಂಗಡಿಯ ವಿಷಯ ಹೇಳಬೇಕು. ಹೋದ ಚಳಿಗಾಲ ಔಷಧಿ ತರಲು ಕ್ಯೂನಲ್ಲಿ ನಿಂತಿದ್ದೆ. ನನ್ನ ಮುಂದೆ ವಯಸ್ಸಾದ ಹೆಂಗಸು, ಮಾತ್ರೆ ಊಟಕ್ಕೆ ಮೊದಲೋ ನಂತರವೋ ಅಂತ ಫ್ರೆಂಚಲ್ಲಿ ಕೇಳಿದರು. ಕೌಂಟರಿನ ಹುಡುಗ ತಲೆ ಎತ್ತದೆ "ಇಂಗ್ಲಿಷ್ ಪ್ಲೀಸ್" ಅಂದ. ಅವರು ಇಂಗ್ಲಿಷಲ್ಲೇ ಕೇಳಿದರು, ದನಿ ಮಾತ್ರ ಅರ್ಧಕ್ಕೆ ಇಳಿದಿತ್ತು. ಬೆಂಗಳೂರಿನ ಮಾಲ್ ಒಂದರಲ್ಲಿ ಕನ್ನಡದಲ್ಲಿ ಕೇಳಿ, ಹಿಂದಿಯಲ್ಲಿ ಉತ್ತರ ಬಂದಾಗ ನಾನೂ ಹೀಗೇ ದನಿ ಇಳಿಸಿದ್ದೆ. ಅವತ್ತು ಮನೆಗೆ ಬಂದ ಮೇಲೂ ಹೊಟ್ಟೆಯಲ್ಲಿ ಸಂಕಟ.

ಇಂಗ್ಲಿಷಿನವರ ಕಡೆಯದೂ ಕೇಳಿದ್ದೇನೆ. ನನ್ನ ಕಾಲ್ ಸೆಂಟರಿನ ಸಹೋದ್ಯೋಗಿಯೊಬ್ಬರು ನದಿ ಆಚೆಯ ರಿವರ್‌ವ್ಯೂನವರು. ಫ್ರೆಂಚ್ ಬರದ ಕಾರಣಕ್ಕೆ ಎರಡು ಸಲ ಸರಕಾರಿ ಕೆಲಸ ತಪ್ಪಿತು. "ನಾನು ಹುಟ್ಟಿದ ಊರಲ್ಲೇ ನಾನು ಯೋಗ್ಯತೆ ಸಾಲದವನಾದೆ" ಅನ್ನುತ್ತಾರೆ. ಅವರ ಬೇಸರ ಸುಳ್ಳಲ್ಲ. ಇಂಥ ಬೇಸರವನ್ನೇ ಹಿಡಿದು 1991ರ ಚುನಾವಣೆಯಲ್ಲಿ ದ್ವಿಭಾಷಾ ನೀತಿಯ ವಿರುದ್ಧ ನಿಂತ ಪಕ್ಷವೊಂದು 8 ಸ್ಥಾನ ಗೆದ್ದು ಅಧಿಕೃತ ವಿರೋಧ ಪಕ್ಷವೇ ಆಯಿತು. ಆದರೆ ನನ್ನ ಸಹೋದ್ಯೋಗಿಗೆ ಫ್ರೆಂಚ್ ಕಲಿಸದ ಶಾಲೆಯ ಮೇಲೆ ಸಿಟ್ಟು ಬರಬೇಕಿತ್ತು, ಫ್ರೆಂಚ್ ಮಾತಾಡುವವರ ಮೇಲೆ ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಜನ ಕಡಿಮೆ ಇದ್ದ ದಿನ ಅಜ್ಜಿ ಬಂದು ಎದುರು ಕೂತರು. 1968ರ ಫೆಬ್ರುವರಿಯಲ್ಲಿ ವಿದ್ಯಾರ್ಥಿಗಳು ಮಾಂಕ್ಟನ್ ನಗರಸಭೆಗೆ ಮೆರವಣಿಗೆ ಹೋದಾಗ ಅವರ ಅಣ್ಣ ಅದರಲ್ಲಿದ್ದರಂತೆ. ನಗರದ ಕೆಲಸಗಳಲ್ಲಿ ಫ್ರೆಂಚೂ ಇರಲಿ ಅಂತ ಕೇಳಿದ್ದಷ್ಟೇ. ಮೇಯರ್ ಲೆನಾರ್ಡ್ ಜೋನ್ಸ್ ಒಪ್ಪಲಿಲ್ಲ. ಸಿಟ್ಟಿಗೆದ್ದ ಹುಡುಗರು ಮೇಯರ್ ಮನೆಗೆ ಹಂದಿ ತಲೆ ಒಯ್ದು ಕೊಟ್ಟರು. 1969ರಲ್ಲಿ ಪ್ರಾಂತ್ಯದ ಮುಖ್ಯಸ್ಥ ಲೂಯಿ ರೋಬಿಶೊ ಅಧಿಕೃತ ಭಾಷೆಗಳ ಕಾನೂನು ತಂದರು, ಅವರೂ ಅಕೇಡಿಯನ್. ಮಾಂಕ್ಟನ್ ನಗರ ತಾನು ದ್ವಿಭಾಷಾ ನಗರ ಅಂತ ಘೋಷಿಸಿಕೊಳ್ಳಲು 2002 ಆಗಬೇಕಾಯಿತು. ಊರಿನ ಹೆಸರೇ 1755ರಲ್ಲಿ ಅಕೇಡಿಯನ್ನರನ್ನು ಹೊರಗಟ್ಟಿದ ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬನಾದ ರಾಬರ್ಟ್ ಮಾಂಕ್ಟನ್‌ನದು. ಅಕೇಡಿಯನ್ನರ ವಿಶ್ವವಿದ್ಯಾಲಯಕ್ಕೂ ಅದೇ ಹೆಸರು. ಇದನ್ನು ಹೇಳುವಾಗ ಅಜ್ಜಿ ಟೇಬಲ್ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಅತ್ತ ಇತ್ತ ಸರಿಸುತ್ತಲೇ ಇದ್ದರು.

ಡಿಯೆಪ್‌ನಲ್ಲಿ ಫ್ರೆಂಚ್‌ನವರೇ ಜಾಸ್ತಿ. ಆದರೂ ಅಂಗಡಿ ಬೋರ್ಡ್‌ಗಳೆಲ್ಲ ಹೆಚ್ಚಾಗಿ ಇಂಗ್ಲಿಷಲ್ಲೇ ಇದ್ದವು, 2010ರಲ್ಲಿ ಹೊಸ ಬೋರ್ಡ್‌ಗಳು ಎರಡೂ ಭಾಷೆಯಲ್ಲಿರಬೇಕು ಅಂತ ನಗರಸಭೆ ನಿಯಮ ಮಾಡಿತು. ನಮ್ಮಲ್ಲಿ 60% ಕನ್ನಡದ ಗಲಾಟೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಟ್ಟೆ ತರುವ ಹುಡುಗ ಅಜ್ಜಿಯ ಮೊಮ್ಮಗ. ಅವನದು ಶಿಯಾಕ್, ಈ ಭಾಗದವರ ಫ್ರೆಂಚ್, ಇಂಗ್ಲಿಷ್ ಪದಗಳನ್ನು ಧಾರಾಳವಾಗಿ ಸೇರಿಸಿ ಆಡುವಂಥದ್ದು. ಕಾರು ನಿಲ್ಲಿಸಿದೆ ಅನ್ನಲು 'ಪಾರ್ಕೆ' ಅನ್ನುತ್ತಾನೆ, ನಾವು ಪಾರ್ಕ್ ಮಾಡಿದೆ ಅನ್ನುವುದಿಲ್ಲವೇ, ಹಾಗೆ. ಇದು ಸರಿಯಾದ ಫ್ರೆಂಚಲ್ಲ ಅಂತ ಕೆಲವರು ಮೂಗು ಮುರಿಯುತ್ತಾರಂತೆ. ನನಗಂತೂ ಕೇಳುತ್ತಾ ಕೂರೋಣ ಅನಿಸುತ್ತದೆ.

ತೊಂದರೆಗಳೂ ಇವೆ. ಸಸ್ಯಾಹಾರಿಗಳಿಗೆ ಬ್ರೆಡ್ಡು, ಪೈ ಬಿಟ್ಟರೆ ಏನೂ ಇಲ್ಲ. ಚಹಾ ಸಪ್ಪೆ. ಶನಿವಾರ ಅರ್ಧ ಗಂಟೆ ಕಾಯಬೇಕು, ಬಾಗಿಲ ಪಕ್ಕದ ಟೇಬಲ್ ಸಿಕ್ಕರೆ ಜಾಕೆಟ್ ತೆಗೆಯಲು ಆಗುವುದಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಹನ್ನೆರಡರೊಳಗೆ ಹೋಗಿ, ಆಮೇಲೆ ಪುಟೀನ್ ಮುಗಿದಿರುತ್ತದೆ. ಫ್ರೆಂಚ್ ಎರಡೇ ಪದ ಬಂದರೂ ಅದನ್ನೇ ಆಡಿ, ಅಜ್ಜಿ ಕಾಯುತ್ತಾರೆ.