ಅರ್ಧಕ್ಕೆ ನಿಂತ ಮಾತ್ರೆ, ಹೆಸರಿಲ್ಲದ ಪುಡಿ: ನಾಯಿ-ಬೆಕ್ಕಿಗೆ ಎರಡು ಪದ್ಧತಿ ಬೆರೆಸುವವರು ಓದಲೇಬೇಕಾದ್ದು

ಬೆಕ್ಕಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ನಾಯಿಗೆ ಕೊಟ್ಟದ್ದರಲ್ಲಿ ಬಹುಪಾಲು ಅಡುಗೆಮನೆಯದ್ದು, ಹಿತ್ತಲಿನದ್ದು, "ಸೈಡ್ ಎಫೆಕ್ಟ್ ಇಲ್ಲ" ಅಂತ ಹೇಳಿಸಿಕೊಂಡದ್ದು. ಐದು ವಾರದಲ್ಲಿ ನಾಯಿ ಸತ್ತಿತು. ಬೆಕ್ಕು ಒಂದು ರಾತ್ರಿ ಡ್ರಿಪ್ ಮೇಲಿದ್ದು ಬದುಕಿಕೊಂಡಿತು. ಬೆಂಗಳೂರಿನ ಒಂದು ಮನೆಯಲ್ಲಿ ಇಂಗ್ಲಿಷ್ ಔಷಧಿ, ನಾಟಿ ಮದ್ದು ಎರಡನ್ನೂ ಬೆರೆಸಿದಾಗ ನಡೆದದ್ದಿದು. ಕ್ಲಿನಿಕ್ಕಿನ ಹೆಸರು, ಸಲಹೆ ಕೊಟ್ಟವರ ಹೆಸರು ಇಲ್ಲಿ ಬೇಕಿಲ್ಲ. ಇವೇ ತಪ್ಪುಗಳು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಬೇರೆ ಮನೆಗಳಲ್ಲೂ ಆಗುತ್ತಿವೆ, ಅದಕ್ಕೇ ದಿನದ ಲೆಕ್ಕ ಹಿಡಿದು ಬರೆದಿದ್ದೇವೆ.

ನಾಯಿ ಐದು ವರ್ಷದ ಲ್ಯಾಬ್ರಡಾರ್, 28 ಕೆಜಿ. ಮೊದಲ ದಿನ ಮೈಬಿಸಿ 104.6 ಡಿಗ್ರಿ ಫ್ಯಾರನ್‌ಹೀಟ್. ನಾಯಿಗೆ 101ರಿಂದ 102.5 ಸಹಜ, ಆದ್ದರಿಂದ ಮೈ ಮುಟ್ಟಿ ಬಿಸಿ ಅನಿಸಿತೆಂದು ಗಾಬರಿ ಬೀಳಬೇಕಿಲ್ಲ. 104 ದಾಟಿದರೆ ಮಾತ್ರ ಅನುಮಾನವೇ ಬೇಡ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ (ಟಿಕ್). ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ 61,000 ಇತ್ತು, 2 ಲಕ್ಷದ ಮೇಲಿರಬೇಕಿತ್ತು. ಎರ್ಲಿಕಿಯಾ, ಅಂದರೆ ಎಲ್ಲರೂ ಟಿಕ್ ಫೀವರ್ ಅನ್ನುವ ಕಾಯಿಲೆ. ಡಾಕ್ಟರ್ ಬರೆದದ್ದು ಡಾಕ್ಸಿಸೈಕ್ಲಿನ್. ದಿನಕ್ಕೆ ಕೆಜಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಬೆಳಗ್ಗೆ 150, ರಾತ್ರಿ 150, ಊಟವಾದ ಮೇಲೆ, 28 ದಿನ. 7ನೇ ದಿನ ಮತ್ತೆ ರಕ್ತ ಪರೀಕ್ಷೆ. ಚೀಟಿಯಲ್ಲಿ ತಪ್ಪೇನೂ ಇರಲಿಲ್ಲ. 28 ದಿನ ಯಾಕೆ ಅನ್ನುವುದನ್ನು ಮಾತ್ರ ಯಾರೂ ಕೂತು ಹೇಳಿರಲಿಲ್ಲ.

ಈ ರೋಗಾಣು ಬಿಳಿ ರಕ್ತಕಣದ ಒಳಗೆ ಹೊಕ್ಕು ಕೂರುತ್ತದೆ. ಡಾಕ್ಸಿ ಶುರುವಾದ ಒಂದೆರಡು ದಿನಕ್ಕೇ ಜ್ವರ ಇಳಿಯುತ್ತದೆ, ನಾಯಿ ಬಟ್ಟಲು ನೆಕ್ಕುತ್ತದೆ, ಬಾಲ ಆಡಿಸುತ್ತದೆ. ಆದರೆ ಗುಲ್ಮದಲ್ಲಿ, ಮೂಳೆಮಜ್ಜೆಯಲ್ಲಿ ರೋಗಾಣು ಇನ್ನೂ ಇರುತ್ತದೆ. ಆಗ ಮಾತ್ರೆ ನಿಲ್ಲಿಸಿದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಾಯಿ ನೋಡಲು ಚೆನ್ನಾಗಿಯೇ ಇದ್ದು, ಆಮೇಲೆ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸುವ ಹಂತಕ್ಕೆ ಹೋಗಬಹುದು. ಆ ಹಂತದಿಂದ ವಾಪಸ್ ತರುವುದು ಬಹಳ ಕಷ್ಟ.

ಈ ಮನೆಯಲ್ಲಿ 6ನೇ ದಿನ ಮಾತ್ರೆ ನಿಂತಿತು. ವಿಡಿಯೋ ಕಾಲ್‌ನಲ್ಲಿ ಸಿಕ್ಕ 'ಹೋಲಿಸ್ಟಿಕ್' ಸಲಹೆ ಹೀಗಿತ್ತು: "ಇಂಗ್ಲಿಷ್ ಔಷಧಿ ಲಿವರ್ ಸುಡುತ್ತೆ, ಉಷ್ಣ ಜಾಸ್ತಿ. ಮೊದಲು ಅದನ್ನ ನಿಲ್ಲಿಸಿ." ಡಾಕ್ಸಿಯಿಂದ ವಾಂತಿಯಾಗುತ್ತದೆ, ಕೆಲವು ನಾಯಿಗಳಲ್ಲಿ ಲಿವರ್ ಎನ್ಜೈಮ್ ಏರುತ್ತದೆ, ಅದು ನಿಜವೇ. ಅದಕ್ಕೆ ಮಾತ್ರೆಯನ್ನು ಊಟದ ಜೊತೆ ಕೊಡುವುದು, ಎರಡು ಹೊತ್ತಿಗೆ ಹಂಚುವುದು, ರಕ್ತದಲ್ಲಿ ಎಎಲ್‌ಟಿ ಎಂಬ ಲಿವರ್ ಎನ್ಜೈಮ್ ನೋಡುವುದು, ಇಷ್ಟೂ ದಾರಿಗಳಿವೆ. ಇನ್ನೊಂದು ಎಡವಟ್ಟು ಅದಕ್ಕೂ ಮೊದಲೇ ಆಗಿತ್ತು. ಮೊದಲ ಐದು ದಿನ ಮಾತ್ರೆಯ ಜೊತೆಜೊತೆಗೇ ಕಬ್ಬಿಣದ ಟಾನಿಕ್ ಕುಡಿಸಿದ್ದರು. ಕಬ್ಬಿಣ ಡಾಕ್ಸಿಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಕ್ಯಾಲ್ಸಿಯಂ, ಆಂಟಾಸಿಡ್ ಕೂಡ ಹಾಗೇ. ನಡುವೆ ಕನಿಷ್ಠ 2 ಗಂಟೆ ಬಿಡಬೇಕು. ಅಂದರೆ ಹೊಟ್ಟೆಗೆ ಹೋದ ಆ ಐದು ದಿನದ ಮಾತ್ರೆಯೂ ಪೂರ್ತಿ ಕೆಲಸ ಮಾಡಿರಲಿಲ್ಲ.

ಮಾತ್ರೆಯ ಜಾಗಕ್ಕೆ ಬಂದದ್ದು ಪಪ್ಪಾಯ ಎಲೆಯ ರಸ, 20 ಮಿಲಿಯಂತೆ ದಿನಕ್ಕೆರಡು ಸಲ. ಡೆಂಗ್ಯೂ ಬಂದವರಿಗೆ ಪ್ಲೇಟ್‌ಲೆಟ್ ಏರಲಿ ಅಂತ ಕುಡಿಸುತ್ತಾರಲ್ಲ, ಅದೇ ಲೆಕ್ಕ. ಡೆಂಗ್ಯೂ ವೈರಸ್ ತನ್ನಷ್ಟಕ್ಕೆ ಇಳಿಯುವ ಕಾಯಿಲೆ. ಎರ್ಲಿಕಿಯಾ ಬ್ಯಾಕ್ಟೀರಿಯಾ, ಅದನ್ನು ಔಷಧಿ ಕೊಟ್ಟು ಕೊಲ್ಲದೆ ಹೋಗುವುದಿಲ್ಲ. ಪಪ್ಪಾಯ ರಸ ಅದನ್ನು ಕೊಲ್ಲುವುದಿಲ್ಲ. ರಸವೇ ವಿಷ ಅಂತಲ್ಲ. ಆದರೆ ಅಷ್ಟು ಕಹಿಯನ್ನು ಸಿರಿಂಜ್‌ನಲ್ಲಿ ಒತ್ತಿ ಕುಡಿಸಿದರೆ ನಾಯಿ ವಾಂತಿ ಮಾಡುತ್ತದೆ, ಒದ್ದಾಡುವಾಗ ರಸ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ. ಬೇರೆ ಯಾವ ಮಾತ್ರೆ ಕೊಟ್ಟಿದ್ದರೂ ಆ ವಾಂತಿಯಲ್ಲಿ ಅದೂ ಹೋಯಿತು ಅಂತಲೇ ಲೆಕ್ಕ.

ಉಣ್ಣೆ ಹತ್ತದಿರಲಿ ಅಂತ ದಿನಾ ಅರ್ಧ ಗೆಡ್ಡೆ ಬೆಳ್ಳುಳ್ಳಿ ಜಜ್ಜಿ ಮೊಸರನ್ನಕ್ಕೆ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿ-ಬೆಕ್ಕಿನ ಕೆಂಪು ರಕ್ತಕಣವನ್ನು ಒಡೆಯುತ್ತವೆ. ಈರುಳ್ಳಿಯಾದರೆ ನಾಯಿಗೆ ಕೆಜಿಗೆ 15ರಿಂದ 30 ಗ್ರಾಂ, ಬೆಕ್ಕಿಗೆ ಕೆಜಿಗೆ ಬರೀ 5 ಗ್ರಾಂ ಸಾಕು. ಬೆಳ್ಳುಳ್ಳಿ ಅದಕ್ಕಿಂತ ತೀಕ್ಷ್ಣ. ಬೇಯಿಸಿದರೂ ಹೋಗದು, ಒಣಗಿಸಿ ಪುಡಿ ಮಾಡಿದರಂತೂ ಇನ್ನೂ ಸಾಂದ್ರ. ಆರೋಗ್ಯವಾಗಿರುವ 28 ಕೆಜಿಯ ನಾಯಿ ಒಂದು ಎಸಳು ತಿಂದರೆ ಏನೂ ಆಗದೆ ಇರಬಹುದು. ಒಳಗಿಂದ ರಕ್ತ ಕಡಿಮೆಯಾಗುತ್ತಿರುವ ನಾಯಿಗೆ ವಾರಗಟ್ಟಲೆ ಅರ್ಧ ಗೆಡ್ಡೆ ಕೊಡುವುದು ಬೇರೆ ಮಾತು. ಇಷ್ಟಕ್ಕೂ ಬೆಳ್ಳುಳ್ಳಿಯ ವಾಸನೆಗೆ ಉಣ್ಣೆ ಹೆದರಿ ಓಡಿದ್ದನ್ನು ನಾವಂತೂ ಕಂಡಿಲ್ಲ.

ಅರಿಶಿನ-ಮೆಣಸು-ಕೊಬ್ಬರಿ ಎಣ್ಣೆಯ ಮುದ್ದೆಯೂ ಇತ್ತು, ಅರ್ಧ ಚಮಚ. ಇದರ ಮೇಲೆ ಎಲ್ಲ ಭಾರ ಹೊರಿಸುವುದು ನ್ಯಾಯವಲ್ಲ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರ್ನಾಲ್ಕು ಪಾಲು, ಅಡುಗೆಯ ಪ್ರಮಾಣದಲ್ಲಿ ದೊಡ್ಡ ಅಪಾಯವಿಲ್ಲ. ಆದರೆ ಅಂಗಡಿಯ 500 ಮಿಲಿಗ್ರಾಂ ಕರ್ಕ್ಯುಮಿನ್ ಕ್ಯಾಪ್ಸೂಲ್ ಅಡುಗೆಯ ಅರಿಶಿನವಲ್ಲ. ಅದು ಪ್ಲೇಟ್‌ಲೆಟ್ ಅಂಟಿಕೊಳ್ಳುವುದನ್ನು ತಗ್ಗಿಸುತ್ತದೆ. ಜೊತೆಗೆ ಹಾಕುವ ಮೆಣಸಿನ ಪೈಪರಿನ್ ಬೇರೆ ಔಷಧಿಗಳು ದೇಹದಿಂದ ಹೊರಹೋಗುವುದನ್ನು ನಿಧಾನ ಮಾಡುತ್ತದೆ, ಆಗ ಸರಿಯಾದ ಡೋಸೇ ಹೆಚ್ಚಾದ ಡೋಸ್ ಆಗಿಬಿಡುತ್ತದೆ. ಪ್ಲೇಟ್‌ಲೆಟ್ ಕಡಿಮೆಯಿರುವ ನಾಯಿಗೆ, ಅಥವಾ ಆಪರೇಷನ್‌ಗೆ ಎರಡು ವಾರ ಇರುವಾಗ ಇದನ್ನೂ, ಜಾಸ್ತಿ ಪ್ರಮಾಣದ ಮೀನೆಣ್ಣೆಯನ್ನೂ ಡಾಕ್ಟರನ್ನು ಕೇಳದೆ ಮುಂದುವರಿಸಬೇಡಿ.

ಈಗ ಬೆಕ್ಕಿನ ವಿಷಯ. ಬೇವಿನ ಎಣ್ಣೆ ಬಿಸಿ ಮಾಡಿ, ಅದರಲ್ಲಿ ಕರ್ಪೂರ ಕರಗಿಸಿ, ದಿನ ಬಿಟ್ಟು ದಿನ ಸಂಜೆ ನಾಯಿಯ ಬೆನ್ನಿಗೆ ಹಚ್ಚುತ್ತಿದ್ದರು. ಮೂರೂವರೆ ಕೆಜಿಯ ಬೆಕ್ಕು ಚಳಿಗೆ ಅದೇ ನಾಯಿಯ ಹೊಟ್ಟೆಗೆ ಒತ್ತಿಕೊಂಡು ಮಲಗುವುದು, ಬೆಳಗ್ಗೆ ಎದ್ದು ತನ್ನ ಮೈ ನೆಕ್ಕಿಕೊಳ್ಳುವುದು. ಮೂರನೇ ಸಲ ಹಚ್ಚಿದ ರಾತ್ರಿ ಬೆಕ್ಕಿನ ಬಾಯಿಂದ ದಾರದಂತೆ ಜೊಲ್ಲು, ಹಿಂಗಾಲು ಅದುರು, ನಡೆದರೆ ಓಲಾಟ. ಬೆಕ್ಕಿನ ಲಿವರ್‌ನಲ್ಲಿ ಇಂಥ ಎಣ್ಣೆಗಳನ್ನು, ಹಲವು ಔಷಧಿಗಳನ್ನು ಕರಗಿಸಿ ಹೊರಹಾಕುವ ಗ್ಲುಕುರೊನೈಡೇಷನ್ ಎಂಬ ದಾರಿ ಬಹಳ ಕಿರಿದು. ಕರ್ಪೂರ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಮೂರೂ ಅದಕ್ಕೆ ವಿಷವೇ. ಕರ್ಪೂರ ನಾಯಿಗೂ ಫಿಟ್ಸ್ ತರಿಸಬಲ್ಲದು. ಒಂದೇ ಒಂದು 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲುವುದೂ ಇದೇ ಕಾರಣಕ್ಕೆ: ಒಸಡು ಕಂದುಗಟ್ಟಿ, ಮುಖ-ಪಂಜ ಊದಿದರೆ ಅಸಿಟೈಲ್ ಸಿಸ್ಟೀನ್ ಎಂಬ ಪ್ರತಿವಿಷ ಕೊಡಿಸಲು ಗಂಟೆಗಳ ಲೆಕ್ಕ. ಉಣ್ಣೆ ಸಾಯಲೆಂದು ನಾಯಿಗೆ ಮಾರುವ ಪರ್ಮೆಥ್ರಿನ್ ಹನಿಯನ್ನು ನಾಯಿಗೆ ಹಾಕಿ ಬೆಕ್ಕನ್ನು ಪಕ್ಕದಲ್ಲಿ ಮಲಗಿಸಿದರೂ ಇದೇ ಕಥೆ.

ಎಣ್ಣೆ ಹತ್ತಿದ ಬೆಕ್ಕನ್ನು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಜಿಡ್ಡು ಹೋಗುವವರೆಗೂ ಎರಡು ಮೂರು ಸಲ ತೊಳೆಯಬೇಕು. ತಣ್ಣೀರು ಬೇಡ, ಮೈಬಿಸಿ ಮೊದಲೇ ಬೀಳುತ್ತಿರುತ್ತದೆ. ಒರೆಸಿ, ಟವೆಲ್‌ನಲ್ಲಿ ಸುತ್ತಿ, ನೇರ ಆಸ್ಪತ್ರೆಗೆ. ಹಾಲು, ತುಪ್ಪ, ಉಪ್ಪುನೀರು ಯಾವುದೂ ಬಾಯಿಗೆ ಹಾಕಬೇಡಿ; ಅದುರುತ್ತಿರುವ ಬೆಕ್ಕಿಗೆ ವಾಂತಿ ಮಾಡಿಸಲು ಹೋದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಮೂರನೇ ವಾರ ನಾಯಿ ಕುಂಟಲು ಶುರು ಮಾಡಿತು. ಟಿಕ್ ಫೀವರ್‌ನಲ್ಲೇ ಕೀಲು ಊದುವುದುಂಟು. ಮನೆಯವರಿಗೆ ಅದು ವಯಸ್ಸಿನ ಕೀಲುನೋವು ಅನಿಸಿತು. ಒಂದು ಕಡೆಯಿಂದ 'ಕೀಲಿನ ಪುಡಿ' ಬಂತು, ಇನ್ನೊಂದು ಕಡೆ ಹಳೇ ಸ್ಟ್ರಿಪ್‌ನಲ್ಲಿ ಉಳಿದಿದ್ದ ಮೆಲಾಕ್ಸಿಕಾಂ. ಎರಡೇ ದಿನಕ್ಕೆ ಕುಂಟು ಮಾಯ. ಎಲ್ಲರಿಗೂ ಖುಷಿ. ಆದರೆ ನೀರಿನ ಬಟ್ಟಲನ್ನು ದಿನಕ್ಕೆ ನಾಲ್ಕು ಸಲ ತುಂಬಿಸಬೇಕಾಯಿತು, ರಾತ್ರಿ ಹಾಲ್‌ನಲ್ಲೇ ಉಚ್ಚೆ, ಹಸಿವು ವಿಪರೀತ. ಗಿಡಮೂಲಿಕೆ ಅಂದ ಪುಡಿ ಎರಡು ದಿನದಲ್ಲಿ ಕೆಲಸ ಮಾಡಿ, ಜೊತೆಗೆ ಇಷ್ಟು ನೀರು, ಇಷ್ಟು ಹಸಿವು ತಂದರೆ ಅದರೊಳಗೆ ಸ್ಟೆರಾಯ್ಡ್ ಇದೆ ಅಂತಲೇ ಅನುಮಾನಿಸಬೇಕು. ಮೆಲಾಕ್ಸಿಕಾಂ ಥರದ ನೋವಿನ ಮಾತ್ರೆ, ಸ್ಟೆರಾಯ್ಡ್ ಎರಡೂ ಒಟ್ಟಿಗೆ ಹೋದರೆ ಹೊಟ್ಟೆ-ಕರುಳಿನ ಒಳಪದರ ಹುಣ್ಣಾಗಿ ಒಡೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಡಾಕ್ಟರುಗಳೇ 5ರಿಂದ 7 ದಿನ ಬಿಡುತ್ತಾರೆ. ಇಲ್ಲಿ ಎರಡೂ ಒಂದೇ ಬಟ್ಟಲಿನಲ್ಲಿ ಹೋದವು.

ಐದನೇ ವಾರ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಬಂತು. ಒಂದು ಮೂಗಿನ ಹೊಳ್ಳೆಯಿಂದ ರಕ್ತ. ಒಸಡು ಸುಣ್ಣದ ಗೋಡೆಯ ಬಿಳುಪು. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣದ ಶೇಕಡಾ ಪಾಲು, 13 (ಸಹಜವಾಗಿ 37ರ ಮೇಲೆ), ಪ್ಲೇಟ್‌ಲೆಟ್ 8,000, ಅದೂ ಯಂತ್ರದ ಎಣಿಕೆಯಲ್ಲ, ಗಾಜಿನ ಮೇಲೆ ಸ್ಮಿಯರ್ ಹಚ್ಚಿ ಕಣ್ಣಲ್ಲಿ ನೋಡಿದ್ದು. ಅದೇ ಸ್ಮಿಯರ್‌ನಲ್ಲಿ ಬೆಳ್ಳುಳ್ಳಿಯ ಗುರುತಾದ ಹೈನ್ಜ್ ಬಾಡಿಗಳೂ (ಕೆಟ್ಟ ಕೆಂಪುಕಣದಲ್ಲಿ ಕಾಣುವ ಚುಕ್ಕೆಗಳು) ಇದ್ದವು. ಏನೇನು ಕೊಟ್ಟಿದ್ದೀರಿ ಅಂತ ಡಾಕ್ಟರ್ ಕೇಳಿದಾಗ ಬಂದ ಮೊದಲ ಉತ್ತರ: "ಏನಿಲ್ಲ ಸಾರ್, ಬರೀ ನಾಟಿ ಮದ್ದು." ಪುಡಿಯ ಮಾತು ಬಾಯಿಗೆ ಬಂದದ್ದು ಮಾರನೇ ದಿನ. ಕಸದ ಬುಟ್ಟಿಯಿಂದ ಹುಡುಕಿ ತಂದ ಪೊಟ್ಟಣದ ಮೇಲೆ ಪೆನ್ನಿನಲ್ಲಿ "ದಿನಕ್ಕೆ 2" ಅಂತಷ್ಟೇ ಇತ್ತು. ದಾನಿ ನಾಯಿಯಿಂದ 450 ಮಿಲಿ ರಕ್ತ ಸಿಕ್ಕಿತು. ಕರುಳಿನ ರಕ್ತಸ್ರಾವ ನಿಲ್ಲಲಿಲ್ಲ.

ಎರಡು ಪದ್ಧತಿ ಸೇರಲೇಬಾರದು ಅನ್ನುವ ವಾದ ನಮ್ಮದಲ್ಲ. ಬೆನ್ನುಹುರಿಯ ಡಿಸ್ಕ್ ಜಾರಿ ಹಿಂಗಾಲು ಸೋತ ನಾಯಿಗೆ ಔಷಧಿ, ಆಪರೇಷನ್ ಜೊತೆಗೆ ಫಿಸಿಯೋಥೆರಪಿ, ಅಕ್ಯುಪಂಕ್ಚರ್, ನೀರಿನಲ್ಲಿ ನಡೆಸುವುದು ಎಲ್ಲವನ್ನೂ ಸೇರಿಸುತ್ತಾರೆ. ಸಂಧಿವಾತದ ನಾಯಿಗೆ ತೂಕ ಇಳಿಸಿ, ಮೀನೆಣ್ಣೆ ಕೊಟ್ಟು ನೋವಿನ ಮಾತ್ರೆಯನ್ನು ಕಡಿಮೆ ಮಾಡಿಸುವುದೂ ಉಂಟು. ನಮ್ಮಲ್ಲೇ ಹಸುವಿನ ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಹಚ್ಚುವ ಮದ್ದನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡಿದೆ. ಆದರೆ ಅದು ಹಸುವಿನ ಕೆಚ್ಚಲಿಗೆ. ಮರಿ ಹಾಕಿದ ಹೆಣ್ಣುನಾಯಿಯ ಮೊಲೆ ಊದಿದಾಗ ಅದನ್ನೇ ಹಚ್ಚಿದರೆ ತಾಯಿಯೂ ನೆಕ್ಕುತ್ತದೆ, ಮರಿಗಳೂ ಚೀಪುತ್ತವೆ. ಸುಣ್ಣ ಬಾಯಿ ಸುಡುತ್ತದೆ, ಲೋಳೆಸರದ ಹಳದಿ ಸೊನೆ ಭೇದಿ ಹಿಡಿಸುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಹಾಕಿದ ಲೇಹ್ಯ, ಅರಿಷ್ಟಗಳೂ ನಾಯಿಗೆ ಬೇಡ. ದ್ರಾಕ್ಷಿಯಲ್ಲಿ ಕಿಡ್ನಿ ಕೆಡಿಸುವುದು ಟಾರ್ಟಾರಿಕ್ ಆಮ್ಲ ಇರಬೇಕು ಎಂದು 2021ರಲ್ಲಿ ಪಶುವೈದ್ಯರು ಸೂಚಿಸಿದರು. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಇದೆ, ಹಾಗಾಗಿ ಹುಳಿಸಾರು ಕಲಸಿದ ಅನ್ನವನ್ನೂ ನಾಯಿಗೆ ಹಾಕಬೇಡಿ.

ಸೇರಿಸುವುದಾದರೆ ಒಂದು ಹಾಳೆ ಸಾಕು. ಇವತ್ತಿನ ತೂಕ; ಕೊಡುತ್ತಿರುವ ಪ್ರತಿಯೊಂದರ ಹೆಸರು, ಎಷ್ಟು, ಎಷ್ಟು ಹೊತ್ತಿಗೆ, ಯಾವ ತಾರೀಕಿನಿಂದ, ಯಾರು ಹೇಳಿದ್ದು. ಟಾನಿಕ್, ಕಷಾಯ, ಮೈಗೆ ಹಚ್ಚುವ ಎಣ್ಣೆ, ಮನೆಯಲ್ಲಿ ಹಚ್ಚಿಡುವ ಡಿಫ್ಯೂಸರ್ ಎಲ್ಲವೂ ಅದರಲ್ಲಿರಲಿ. ಇಬ್ಬರು ಚಿಕಿತ್ಸಕರಿಗೂ ಅದೇ ಹಾಳೆ. ಹೊಸದು ಸೇರಿಸುವಾಗ ಒಂದು ಸಲಕ್ಕೆ ಒಂದೇ, ನಡುವೆ ಎರಡು ವಾರ. ಇಲ್ಲದಿದ್ದರೆ ವಾಂತಿ ಯಾವುದರಿಂದ ಆಯಿತು ಅಂತ ಯಾರೂ ಹೇಳಲಾರರು. ಶುರುವಿಗೆ ಮುಂಚೆ ಲಿವರ್‌ಗೆ ಎಎಲ್‌ಟಿ, ಕಿಡ್ನಿಗೆ ಕ್ರಿಯಾಟಿನಿನ್ ನೋಡಿಸಿಡಿ. ಇದ್ದಿಲ ಮಾತ್ರೆ, ಇಸಬ್‌ಗೋಲ್‌ನಂಥವು ಬೇರೆ ಔಷಧಿಯನ್ನೂ ಹೀರಿಕೊಳ್ಳುತ್ತವೆ, ಹೊತ್ತು ಬೇರೆ ಇರಲಿ. ಫಿಟ್ಸ್‌ಗೆ ಫಿನೋಬಾರ್ಬಿಟಾಲ್ ತಿನ್ನುತ್ತಿರುವ ನಾಯಿಗೆ ಯಾರೇ "ನಿಲ್ಲಿಸಿ" ಅಂದರೂ ಒಂದು ಹೊತ್ತೂ ತಪ್ಪಿಸಬೇಡಿ, ದಿಢೀರ್ ನಿಂತರೆ ಬಿಡದೆ ಫಿಟ್ಸ್ ಬರುತ್ತದೆ. ಬೆಕ್ಕಿಗೆ ಡಾಕ್ಸಿ ಮಾತ್ರೆ ಹಾಕಿದ ಮೇಲೆ 5-6 ಮಿಲಿ ನೀರು ನಿಧಾನಕ್ಕೆ ಕುಡಿಸಲೇಬೇಕು. ಒಣ ಮಾತ್ರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತದೆ, ಆಮೇಲೆ ನಾಳವೇ ಮುದುರಿಕೊಳ್ಳುತ್ತದೆ.

ಸಲಹೆ ಕೊಡುವವರ ರಿಜಿಸ್ಟ್ರೇಷನ್ ನಂಬರ್ ಕೇಳಿ, ಸಂಕೋಚ ಬೇಡ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯ ವೃತ್ತಿ ನಡೆಸಲು ನೋಂದಣಿ ಬೇಕು. ಮನುಷ್ಯರಿಗೆ ಆಯುರ್ವೇದ ನೋಡುವವರು ಎಷ್ಟೇ ಒಳ್ಳೆಯವರಾದರೂ ಬೆಕ್ಕಿನ ಲಿವರ್ ಓದಿರುವುದಿಲ್ಲ. ಪೊಟ್ಟಣದ ಮೇಲೆ ಒಳಗಿರುವ ವಸ್ತುಗಳ ಪಟ್ಟಿ, ಬ್ಯಾಚ್ ನಂಬರ್, ತಯಾರಿಕೆಯ ಲೈಸೆನ್ಸ್ ಇಲ್ಲದಿದ್ದರೆ ತರಬೇಡಿ.

ಈಗಾಗಲೇ ಅಂಥ ಪುಡಿಯನ್ನು ಕೆಲವು ವಾರದಿಂದ ಕೊಡುತ್ತಿದ್ದು, ನಾಯಿ ವಿಪರೀತ ನೀರು ಕುಡಿಯುತ್ತಿದ್ದರೆ, ಇದನ್ನು ಓದಿದ ಗಾಬರಿಗೆ ಇವತ್ತೇ ನಿಲ್ಲಿಸಿಬಿಡಬೇಡಿ. ಒಳಗೆ ಸ್ಟೆರಾಯ್ಡ್ ಇದ್ದರೆ ದೇಹ ತನ್ನ ಪಾಲಿನ ಹಾರ್ಮೋನ್ ಮಾಡುವುದನ್ನು ನಿಲ್ಲಿಸಿರುತ್ತದೆ. ಒಮ್ಮೆಲೇ ನಿಂತರೆ ವಾಂತಿ, ಸುಸ್ತು, ಕುಸಿದು ಬೀಳುವುದು. ನೋವಿನ ಮಾತ್ರೆಯನ್ನು ಮಾತ್ರ ಈಗಲೇ ಬಿಡಿ, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ, ಪುಡಿಯನ್ನು ಹೇಗೆ ಇಳಿಸುತ್ತ ಬರಬೇಕು ಅಂತ ಕೇಳಿ. ಪೊಟ್ಟಣ ಖಾಲಿಯಾಗಿದ್ದರೂ ಜೊತೆಗೆ ಒಯ್ಯಿರಿ.