ಜೀಪಾರ್ಟೆಡ್: ಬಿಟ್ಟಿ ಸಿಕ್ಕರೂ ಗಟ್ಟಿ ಸಾಫ್ಟ್‌ವೇರ್

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ನಮ್ಮದು ಹತ್ತಿ ದಲಾಲಿ ಅಂಗಡಿ. ಸೀಸನ್ ನಡುವೆಯೇ ಲೆಕ್ಕದ ಸರ್ವರ್‌ನ ರೂಟ್ ಪಾರ್ಟಿಷನ್ (ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕ್ ಭಾಗ) ತುಂಬಿ ಬಿಲ್ ನಿಂತವು. ಎರಡು ಡಿಸ್ಕ್, ರೇಡ್ 1, ಅಂದರೆ ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುವ ಮಿರರ್ ಜೋಡಣೆ. "ಮಿರರ್ ಇದೆಯಲ್ಲಣ್ಣ, ಬ್ಯಾಕಪ್ ಯಾಕೆ?" ಎಂದ ತಮ್ಮ. ತಪ್ಪಾಗಿ ಅಳಿಸಿದರೆ ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ, ಅಲ್ವಾ? ಮೊದಲು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿದೆ. ರೇಡ್ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್‌ನಲ್ಲಿ ಎರಡು 'ಯು' (ಎರಡೂ ಡಿಸ್ಕ್ ಸರಿಯಿವೆ ಎಂಬ ಗುರುತು) ಕಂಡ ಮೇಲೇ ಪೆನ್‌ಡ್ರೈವ್‌ನಿಂದ ಪಾರ್ಟಿಷನ್ ಹಿಗ್ಗಿಸಿ ಕುಗ್ಗಿಸುವ ಜೀಪಾರ್ಟೆಡ್ ಲೈವ್ ಬೂಟ್ ಮಾಡಿದೆ.

ಪಟ್ಟಿಯಲ್ಲಿ ಬಿಡಿ ಡಿಸ್ಕ್‌ಗಳೂ ಕಾಣುತ್ತವೆ. ಅವನ್ನು ಮುಟ್ಟಬೇಡಿ, ಎರಡೂ ಸೇರಿ ಒಂದಾಗಿ ಕಾಣುವ ಎಂಡಿ ಸಾಧನವನ್ನೇ ಆರಿಸಿ. ಬಳಕೆದಾರರ ಕಡತಗಳಿರುವ ಹೋಮ್ ಪಾರ್ಟಿಷನ್ ಕುಗ್ಗಿಸಿ, ಪಕ್ಕಕ್ಕೆ ಸರಿಸಿ, ರೂಟ್ ಹಿಗ್ಗಿಸಿದೆ. ಎರಡರ ಫೈಲ್ ಸಿಸ್ಟಮ್ಮೂ (ಕಡತ ಜೋಡಿಸಿಡುವ ವಿಧಾನ) ಎಕ್ಸ್ಟ್4 ಆಗಿದ್ದಕ್ಕೆ ಆಯ್ತು. ಎಕ್ಸ್ಎಫ್ಎಸ್ ಆಗಿದ್ದರೆ ಕುಗ್ಗುತ್ತಲೇ ಇರಲಿಲ್ಲ. ಸರಿಸುವ ಕೆಲಸ ಮಾತ್ರ ಬಲು ನಿಧಾನ. ವಿದ್ಯುತ್ ಸ್ಥಾವರದ ಶಕ್ತಿನಗರ ಪಕ್ಕದಲ್ಲೇ ಇದ್ದರೂ ಯುಪಿಎಸ್ ಇಲ್ಲದೆ ನಾನು ಕೂರಲಿಲ್ಲ. ಐದಕ್ಕೆ ನಾಲ್ಕು ಸ್ಟಾರ್.