ಹಾರ್ಟ್ ಸರಿಹೋಯ್ತು ಅಂದರು, 41ನೇ ದಿನ ಸ್ಟ್ರೋಕ್ ಆಯ್ತು

"ಯಜಮಾನ್ರೇ, ಇನ್ನೇನೂ ಭಯ ಇಲ್ಲ, ಹಾರ್ಟ್ ಸರಿಹೋಯ್ತು" ಅಂತ ಹೇಳಿ ಅಪ್ಪನನ್ನು ಮನೆಗೆ ಕಳಿಸಿದ್ದರು. ಅದಾಗಿ 41ನೇ ದಿನ ಅಪ್ಪನಿಗೆ ಸ್ಟ್ರೋಕ್ ಆಯ್ತು. ಹೃದಯಕ್ಕೆ ಅಂತ 4 ಲಕ್ಷ ಸುರಿದಿದ್ದೆವು, ಏಟು ಬಿದ್ದದ್ದು ಮೆದುಳಿಗೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ನಾವು ಎಲ್ಲೆಲ್ಲಿ ಎಡವಿದೆವು ಅನ್ನುವುದನ್ನು ಮಾತ್ರ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಎ.ಎಫ್. (ಏಟ್ರಿಯಲ್ ಫಿಬ್ರಿಲೇಶನ್, ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ) ಅಂದಿದ್ದರೆ ಐದು ನಿಮಿಷ ಕೊಟ್ಟು ಓದಿ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ವಯಸ್ಸು 68. ಬಿಪಿ ಇದೆ, ಶುಗರ್ ಇದೆ, ಎರಡಕ್ಕೂ ಮಾತ್ರೆ ನಡೆಯುತ್ತಿದೆ. ಅಪ್ಪ ಅಮ್ಮ ತಿಪಟೂರಿನಲ್ಲಿ, ನಾನು ಬೆಂಗಳೂರಿನಲ್ಲಿ. ಹೋದ ವರ್ಷ ಮಾರ್ಚಿನಲ್ಲಿ ಒಂದು ದಿನ ಫೋನ್ ಮಾಡಿ, "ಎದೆ ಒಳಗೆ ಇಂಜಿನ್ ಮಿಸ್ಸಿಂಗ್ ಹೊಡೀತಿದೆ ಕಣೋ" ಅಂದರು. ನಾನು ನಕ್ಕುಬಿಟ್ಟೆ. ವಾರ ಬಿಟ್ಟು ಊರಿಗೆ ಹೋದಾಗ ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿದೆ. ಎರಡು ಬಡಿತ ಬೇಗ ಬೇಗ. ಆಮೇಲೆ ಖಾಲಿ. ಆಮೇಲೆ ಒಂದು ಜೋರು, ಅದರ ಬೆನ್ನಿಗೇ ಮೂರು ಸಣ್ಣವು. ತಾಳವೇ ಸಿಗಲಿಲ್ಲ. ಅಲ್ಲೇ ಇಸಿಜಿ ಮಾಡಿಸಿದೆವು. ಊರಿನ ಡಾಕ್ಟರು ನೋಡಿ, ಏಟ್ರಿಯಲ್ ಫಿಬ್ರಿಲೇಶನ್ ಅಂದರು. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಎಪಿಕ್ಸಾಬಾನ್ ಮಾತ್ರೆ ಬರೆದರು. "ಇದನ್ನ ಒಂದು ಹೊತ್ತೂ ಬಿಡಬೇಡಿ. ಉಳಿದದ್ದು ನಿಧಾನಕ್ಕೆ ಬೆಂಗಳೂರಲ್ಲಿ ತೋರಿಸಿ" ಅಂದರು.

ಇಡೀ ಕಥೆಯಲ್ಲಿ ಸರಿಯಾದ ಮಾತು ಹೇಳಿದ ಮೊದಲಿಗರು ಅವರೇ. 300 ರೂಪಾಯಿ ಫೀಸು ತೆಗೆದುಕೊಂಡು. ನಾವು ಕೇಳಿಸಿಕೊಂಡದ್ದು ಮಾತ್ರ "ಬೆಂಗಳೂರು" ಅನ್ನುವ ಒಂದು ಪದ.

ಅವರು ಯಾಕೆ ಹಾಗೆ ಹೇಳಿದರು ಅಂತ ನನಗೆ ಅರ್ಥವಾಗಿದ್ದು ಎಲ್ಲ ಮುಗಿದ ಮೇಲೆ. ಹೃದಯದ ಮೇಲಿನ ಎರಡು ಕೋಣೆಗಳು ಒಟ್ಟಿಗೆ ಕುಗ್ಗಿ ರಕ್ತವನ್ನು ಕೆಳಕ್ಕೆ ತಳ್ಳಬೇಕು. ಎ.ಎಫ್. ಬಂದಾಗ ಅಲ್ಲಿ ನಿಮಿಷಕ್ಕೆ 350ಕ್ಕೂ ಜಾಸ್ತಿ ಸಲ ಅಡ್ಡಾದಿಡ್ಡಿ ಕರೆಂಟು ಓಡುತ್ತದೆ. ಕೋಣೆ ಕುಗ್ಗುವುದಿಲ್ಲ, ಸುಮ್ನೆ ನಡುಗುತ್ತದೆ. ಎಡಗಡೆ ಕೋಣೆಗೆ ಅಂಟಿಕೊಂಡ ಹಾಗೆ ಕಿವಿಯಂಥ ಒಂದು ಸಣ್ಣ ಚೀಲ ಇದೆ. ರಕ್ತ ಆ ಮೂಲೆಯಲ್ಲಿ ನಿಂತುಬಿಡುತ್ತದೆ. ಅಲುಗಾಡಿಸದೆ ಇಟ್ಟ ಹಾಲಿನ ಹಾಗೆ ಹೆಪ್ಪಾಗುತ್ತದೆ. ಆ ಚೂರು ಕಿತ್ತುಕೊಂಡು ಮೆದುಳಿನ ಕಡೆ ಹೋದರೆ ಸ್ಟ್ರೋಕ್. ಎ.ಎಫ್. ಇದ್ದವರಿಗೆ ಸ್ಟ್ರೋಕ್ ಆಗುವ ಅಪಾಯ ಇಲ್ಲದವರಿಗಿಂತ ಸುಮಾರು 5 ಪಟ್ಟು. ಬಡಿತ ತಪ್ಪುವುದು ಬೆರಳಿಗೆ ಸಿಗುತ್ತದೆ, ನಿದ್ದೆ ಕೆಡಿಸುತ್ತದೆ. ಹೆಪ್ಪು ಸದ್ದೇ ಮಾಡುವುದಿಲ್ಲ. ನಾವು ಸದ್ದು ಮಾಡುವುದರ ಹಿಂದೆ ಓಡಿದೆವು.

ಬೆಂಗಳೂರಿನಲ್ಲಿ ಆಸ್ಪತ್ರೆ ಆರಿಸಿದ್ದು ನಾನೇ. ಆಫೀಸಿನಲ್ಲಿ ಒಬ್ಬರ ಮಾವನಿಗೆ ಅಲ್ಲಿ ಸ್ಟೆಂಟ್ ಹಾಕಿದ್ದರು, ಚೆನ್ನಾಗಿ ಆಗಿತ್ತು. ಅಷ್ಟೇ ನನ್ನ ಸಂಶೋಧನೆ. ಸ್ಟೆಂಟ್ ಹಾಕುವವರೂ ಹಾರ್ಟ್ ಡಾಕ್ಟರು, ಇದೂ ಹಾರ್ಟ್ ಕಾಯಿಲೆ, ಸರಿ ಅಲ್ವಾ ಅಂದುಕೊಂಡೆ. ಬಡಿತದ ಕರೆಂಟು ನೋಡುವವರು ಬೇರೆ, ಅವರನ್ನು ಎಲೆಕ್ಟ್ರೋಫಿಸಿಯಾಲಜಿಸ್ಟ್ ಅನ್ನುತ್ತಾರೆ ಅಂತ ಗೊತ್ತೇ ಇರಲಿಲ್ಲ. ಕಾರ್ಡಿಯಾಲಜಿಯಲ್ಲಿ ಡಿಎಂ ಅನ್ನುವ ಪದವಿ ಮುಗಿಸಿದ ಮೇಲೆ ಇದಕ್ಕೇ ಅಂತ ಮತ್ತೆ ತರಬೇತಿ ಪಡೆದಿರುತ್ತಾರೆ. ಆಮೇಲೊಂದು ದಿನ ಅಪ್ಪನಿಗೆ ಇದನ್ನು ವಿವರಿಸಿದಾಗ, "ನಮ್ಮ ಡಿಪೋದಲ್ಲೇ ಮೆಕ್ಯಾನಿಕ್ ಬೇರೆ, ಎಲೆಕ್ಟ್ರಿಷಿಯನ್ ಬೇರೆ. ನೀನು ಇಷ್ಟು ಓದಿ ಇದನ್ನ ಕೇಳ್ಲಿಲ್ವಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಲ್ಲಿನ ಡಾಕ್ಟರು ನಮ್ಮ ಜೊತೆ ಮಾತಾಡಿದ್ದು ಹತ್ತು ನಿಮಿಷ ಇರಬಹುದು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರು. ಬಡಿತ ಕೆಡಿಸುವ ಜಾಗವನ್ನು ಹೃದಯದೊಳಗೇ ಸುಡುವುದಕ್ಕೆ ಅಬ್ಲೇಶನ್ ಅನ್ನುತ್ತಾರೆ. "ಅಬ್ಲೇಶನ್ ಮಾಡಿದ್ರೆ ಪರ್ಮನೆಂಟಾಗಿ ಸರಿಹೋಗುತ್ತೆ, ಮಾತ್ರೆಗಳ ಕಾಟವೂ ಇರಲ್ಲ" ಅಂದರು. ಈ ಕೊನೆಯ ಮಾತಿಗೇ ನಾವು ಬಿದ್ದದ್ದು. ದಿನಕ್ಕೆ ಆರು ಮಾತ್ರೆ ನುಂಗುವ ಮನುಷ್ಯನಿಗೆ ಇದಕ್ಕಿಂತ ಸಿಹಿ ಸುದ್ದಿ ಏನಿದೆ! ಕೌಂಟರಿನ ಹುಡುಗಿ ಪ್ಯಾಕೇಜಿನ ಹಾಳೆ ಕೊಟ್ಟು, ಇವತ್ತೇ ಅಡ್ವಾನ್ಸ್ ಕಟ್ಟಿದರೆ ಗುರುವಾರ ಸ್ಲಾಟ್ ಇದೆ, ಇಲ್ಲದಿದ್ದರೆ ಮುಂದಿನ ತಿಂಗಳು ಅಂದಳು. ಕಾರ್ಡ್ ಉಜ್ಜಿದೆ. ಯಾರು ಮಾಡುತ್ತಾರೆ ಅಂತ ಕೇಳಿದ್ದಕ್ಕೆ "ಹೊರಗಡೆಯಿಂದ ಸೀನಿಯರ್ ಡಾಕ್ಟರ್ ಬರ್ತಾರೆ ಸಾರ್" ಅಂದರು. ಅವರ ಮುಖ ನಾವು ನೋಡಿದ್ದು ಅಪ್ಪನನ್ನು ಕ್ಯಾಥ್ ಲ್ಯಾಬಿಗೆ ತಳ್ಳಿಕೊಂಡು ಹೋಗುವಾಗ. ಅದೂ ಮಾಸ್ಕ್ ಹಾಕಿಕೊಂಡಿದ್ದರು.

ಎರಡೂವರೆ ಗಂಟೆಯ ಕೆಲಸ ಅಂದಿದ್ದರು. ಆರು ಗಂಟೆ ಹತ್ತಿರ ಆಯಿತು. ಮಧ್ಯೆ ಒಬ್ಬ ನರ್ಸ್ ಓಡಿಬಂದು ಇನ್ನೊಂದು ಕನ್ಸೆಂಟ್ ಫಾರ್ಮಿಗೆ ಸಹಿ ಹಾಕಿಸಿಕೊಂಡು ಹೋದರು. ಅಮ್ಮ ಕೈಯಲ್ಲಿ ಅಪ್ಪನ ವಾಚು ಹಿಡಿದುಕೊಂಡು ಕೂತಿದ್ದರು, ಒಂದು ಮಾತಾಡಲಿಲ್ಲ. ಹೊರಗೆ ಬಂದ ಮೇಲೆ "ಹಾರ್ಟ್ ಸುತ್ತ ಸ್ವಲ್ಪ ರಕ್ತ ಸೇರ್ಕೊಂಡಿತ್ತು, ತೆಗೆದಿದ್ದೀವಿ" ಅಂದರು. ಮೂರು ದಿನ ಐಸಿಯು. ಬಿಲ್ಲು 3.2 ಲಕ್ಷದಿಂದ 4 ಲಕ್ಷಕ್ಕೆ ಹೋಯಿತು.

ನ್ಯಾಯವಾಗಿ ಹೇಳುತ್ತೇನೆ. ತೊಡೆಯ ಸಂದಿನ ರಕ್ತನಾಳದಿಂದ ಕ್ಯಾಥೆಟರ್ ಅನ್ನುವ ತೆಳು ಕೊಳವೆ ಏರಿಸಿ, ಹೃದಯದ ನಡುಗೋಡೆ ಚುಚ್ಚಿ ಎಡಕೋಣೆಗೆ ಹೋಗಿ, ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಿಯ ಸುತ್ತ ಸುಡುವ ಕೆಲಸ ಇದು. ಎಂಥ ನುರಿತ ಕೈಯಲ್ಲೂ ಒಮ್ಮೊಮ್ಮೆ ರಕ್ತ ಸೋರಬಹುದು. ನೂರರಲ್ಲಿ ಒಬ್ಬರ ಆಸುಪಾಸು ಅನ್ನುತ್ತಾರೆ. ಅದಕ್ಕಾಗಿ ನಾನು ಯಾರನ್ನೂ ಬೈಯುವುದಿಲ್ಲ. ಹೀಗೂ ಆಗಬಹುದು ಅಂತ ಮೊದಲೇ ಕೂರಿಸಿಕೊಂಡು ಹೇಳಲಿಲ್ಲ, ಆ ಕೈ ಎಷ್ಟು ನುರಿತದ್ದು ಅಂತ ತಿಳಿಯಲು ಬಿಡಲಿಲ್ಲ. ನನ್ನ ಸಿಟ್ಟು ಅದಕ್ಕೆ. ಕೇಳದೆ ಇದ್ದದ್ದು ನನ್ನ ತಪ್ಪು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಆದರೆ ನಿಜವಾದ ಹೊಡೆತ ಇದ್ದದ್ದು ಡಿಸ್ಚಾರ್ಜ್ ಹಾಳೆಯ ಎರಡನೇ ಪುಟದಲ್ಲಿ. ಎಪಿಕ್ಸಾಬಾನ್ ನಾಲ್ಕು ವಾರ, ಆಮೇಲೆ ನಿಲ್ಲಿಸಿ, ಆಸ್ಪಿರಿನ್ ಮುಂದುವರಿಸಿ. ಒಂದೇ ಸಾಲು. ನಾನೇ ಓದಿ ಅಮ್ಮನಿಗೆ ಹೇಳಿದೆ. 28ನೇ ದಿನ ಅಪ್ಪ ಖುಷಿಯಾಗಿ ಆ ಸ್ಟ್ರಿಪ್ಪನ್ನು ಡಬ್ಬದಿಂದ ತೆಗೆದು ಬೀರುವಿನ ಮೇಲೆ ಇಟ್ಟರು.

ಇನ್ನು 13 ದಿನ ಕಳೆದು, ಬೆಳಿಗ್ಗೆ ಆರೂಕಾಲು. ಗಿಡಗಳಿಗೆ ನೀರು ಹಾಕಿ ಒಳಗೆ ಬಂದು ಕೂತಿದ್ದರು. ಅಮ್ಮ ಕಾಫಿ ಲೋಟ ಕೊಟ್ಟರು. ಎಡಗೈ ಹಿಡಿಯಲಿಲ್ಲ. ಲೋಟ ನೆಲಕ್ಕೆ ಬಿತ್ತು. ಅಪ್ಪ ಬಿದ್ದ ಲೋಟವನ್ನೇ ನೋಡುತ್ತಾ ಏನೋ ಅಂದರು, ನಾಲಿಗೆ ಹೊರಳಲಿಲ್ಲ. ಬಾಯಿಯ ಎಡಗಡೆ ಜೋತುಬಿದ್ದಿತ್ತು. ಅಮ್ಮ ನನಗೆ ಫೋನ್ ಮಾಡಿದರು. ನಾನು ದಡ್ಡನ ಹಾಗೆ ಅಬ್ಲೇಶನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿದೆ. ಒಪಿಡಿ ಒಂಬತ್ತಕ್ಕೆ ಸಾರ್, ಅಪಾಯಿಂಟ್‌ಮೆಂಟ್ ತಗೊಳ್ಳಿ ಅಂದರು. ಆಮೇಲೆ ಹತ್ತಿರದ ಕ್ಲಿನಿಕ್, ಅಲ್ಲಿಂದ ಕಾರು, ದಾರಿಯಲ್ಲಿ ಟ್ರಾಫಿಕ್. ಸ್ಟ್ರೋಕ್ ನೋಡುವ ಆಸ್ಪತ್ರೆ ಮುಟ್ಟಿದಾಗ ಹನ್ನೊಂದೂಕಾಲು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದು ಮೊದಲ 4.5 ಗಂಟೆಯೊಳಗೆ. ನಮಗೆ ಅರ್ಧ ಗಂಟೆ ತಡವಾಗಿತ್ತು. ನಾನು ಫೋನಿನಲ್ಲಿ ಕಳೆದ ಸಮಯ ಅದಕ್ಕಿಂತ ಜಾಸ್ತಿ. ಮುಖ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಯಾರನ್ನೂ ಕೇಳಬೇಡಿ. 108ಕ್ಕೆ ಹೇಳಿ, ಸಿಟಿ ಸ್ಕ್ಯಾನ್ ಇದ್ದು ಸ್ಟ್ರೋಕ್ ನೋಡುವ ಕಡೆಗೇ ಹೋಗಿ.

ಪುಣ್ಯಕ್ಕೆ ಸಣ್ಣ ಸ್ಟ್ರೋಕ್. ಮಾತು ವಾರದಲ್ಲಿ ಮರಳಿತು.

ಎರಡು ತಿಂಗಳ ನಂತರ ಒಬ್ಬ ಎಲೆಕ್ಟ್ರೋಫಿಸಿಯಾಲಜಿಸ್ಟ್ ಹತ್ತಿರ ಹೋದೆವು. ಈ ಸಲ ವಿಚಾರಿಸಿಕೊಂಡೇ. ಅವರು ಹಳೇ ಕಾಗದ ಎಲ್ಲ ಓದಿದರು. ನಂತರ ಇಸಿಜಿ ಹಾಳೆಯ ಹಿಂದೆ ಪೆನ್ನಿನಲ್ಲಿ ಲೆಕ್ಕ ಹಾಕಿ ತೋರಿಸಿದರು. 65 ದಾಟಿದೆ, 1. ಬಿಪಿ, 1. ಶುಗರ್, 1. ಒಟ್ಟು 3. ಸ್ಟ್ರೋಕ್ ಅಪಾಯದ ಈ ಲೆಕ್ಕವನ್ನು ಚಾಡ್ಸ್-ವ್ಯಾಸ್ಕ್ ಸ್ಕೋರ್ ಅನ್ನುತ್ತಾರಂತೆ. ಗಂಡಸರಿಗೆ 2 ಬಂದರೇ ಹೆಪ್ಪು ತಡೆಯುವ ಮಾತ್ರೆ ಬೇಕು. "ಅಬ್ಲೇಶನ್ ಆದ್ಮೇಲೆ ಕನಿಷ್ಠ 2ರಿಂದ 3 ತಿಂಗಳು ಎಲ್ಲರಿಗೂ ಮಾತ್ರೆ ಇರಬೇಕು. ಆಮೇಲೆ ಬೇಕೋ ಬೇಡವೋ ಅನ್ನೋದನ್ನ ಈ ಸ್ಕೋರ್ ನೋಡಿ ತೀರ್ಮಾನಿಸ್ತೀವಿ. ಬಡಿತ ಸರಿಯಾಯ್ತು ಅಂತ ಬಿಡೋದಲ್ಲ" ಅಂದರು. ಆಮೇಲೆ ಆ 3ರ ಪಕ್ಕ ಇನ್ನೊಂದು 2 ಬರೆದರು, ಆಗಿಹೋದ ಸ್ಟ್ರೋಕಿಗೆ. ಈಗ 5.

ಆಸ್ಪಿರಿನ್ ಕೊಟ್ಟಿದ್ದರಲ್ಲ ಸಾರ್ ಅಂದೆ. ಈ ಕೆಲಸಕ್ಕೆ ಅದು ಸಾಲದು ಅಂದರು. ಮನೆಗೆ ಬಂದು ಹುಡುಕಿ ಓದಿದೆ. 2011ರ ಒಂದು ದೊಡ್ಡ ಅಧ್ಯಯನದಲ್ಲಿ ಎ.ಎಫ್. ಇದ್ದವರಿಗೆ ಎಪಿಕ್ಸಾಬಾನ್ ಕೊಟ್ಟಾಗ, ಆಸ್ಪಿರಿನ್ ಕೊಟ್ಟವರಿಗಿಂತ ಸ್ಟ್ರೋಕ್ ಅರ್ಧಕ್ಕೂ ಕೆಳಗೆ ಇಳಿದಿತ್ತು. ದೇಹದ ಬೇರೆ ಕಡೆ ಹೋಗಿ ಸಿಕ್ಕಿಕೊಳ್ಳುವ ಹೆಪ್ಪನ್ನೂ ಸೇರಿಸಿ, ವರ್ಷಕ್ಕೆ ನೂರಕ್ಕೆ 3.7 ಇದ್ದದ್ದು 1.6ಕ್ಕೆ. ದೊಡ್ಡ ರಕ್ತಸ್ರಾವ ಎರಡೂ ಕಡೆ ಹೆಚ್ಚುಕಮ್ಮಿ ಅಷ್ಟೇ. ಹತ್ತು ವರ್ಷಕ್ಕಿಂತ ಹಳೇ ವಿಷಯ ಇದು.

ಆ ಡಾಕ್ಟರು ಕೇಳಿದ ಇನ್ನೂ ಎರಡು ಪ್ರಶ್ನೆ ನಮಗೆ ಹೊಸದು. ಥೈರಾಯ್ಡ್ ನೋಡಿದ್ದೀರಾ? ಇಲ್ಲ. ರಾತ್ರಿ ಗೊರಕೆ ಹೊಡೀತಾರಾ? ಅಮ್ಮ ನಕ್ಕರು, ಅಪ್ಪನ ಗೊರಕೆ ಪಕ್ಕದ ಮನೆಗೂ ಕೇಳುತ್ತದೆ. ಥೈರಾಯ್ಡ್ ಜಾಸ್ತಿಯಾದರೂ ಎ.ಎಫ್. ಬರಬಹುದು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ ಹೋದ ಎ.ಎಫ್. ಮತ್ತೆ ಬರಬಹುದು. ಥೈರಾಯ್ಡ್ ಸರಿಯಿತ್ತು. ಉಸಿರು ಕಟ್ಟುತ್ತಿತ್ತು. ಈಗ ರಾತ್ರಿ ಉಸಿರಿಗೆ ಗಾಳಿ ಒತ್ತುವ ಮಾಸ್ಕ್ ಹಾಕಿಕೊಂಡು ಮಲಗುತ್ತಾರೆ. ಎ.ಎಫ್. ಅಂತೂ ಅಬ್ಲೇಶನ್ ಆಗಿ ಐದನೇ ತಿಂಗಳಿಗೇ ಮರಳಿತ್ತು. ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್‌ನಲ್ಲಿ ಸಿಕ್ಕಿತು.

ಅಬ್ಲೇಶನ್ನೇ ಮೋಸ ಅಂತ ದಯವಿಟ್ಟು ತಿಳಿಯಬೇಡಿ. ಎ.ಎಫ್. ಶುರುವಾಗುವುದು ಹೆಚ್ಚಾಗಿ ಆ ರಕ್ತನಾಳಗಳ ಬಾಯಿಂದಲೇ ಅಂತ 1998ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು ತೋರಿಸಿದ ಮೇಲೆ ಎಷ್ಟೋ ಜನ ಇದರಿಂದ ಸುಖವಾಗಿದ್ದಾರೆ. ಅಪ್ಪನಿಗೂ ಮುಂದೆ ಬೇಕಾಗಬಹುದು. ಆದರೆ ಅದು ತುರ್ತಿನ ಕೆಲಸ ಆಗಿರಲಿಲ್ಲ, ಗುರುವಾರವೇ ಆಗಬೇಕಾದದ್ದಂತೂ ಅಲ್ಲ. ಬಡಿತ ಹತೋಟಿಗೆ ತರುವ ಮಾತ್ರೆ ಕೊಟ್ಟು ನೋಡಿ, ಗೊರಕೆ, ತೂಕ, ಬಿಪಿ ಸರಿಮಾಡಿ, ಯೋಚಿಸಿ ನಿರ್ಧರಿಸಲು ಸಮಯ ಇತ್ತು.

ಕೈಯ ಅನುಭವದ ಮಾತಿಗೆ ಬರುತ್ತೇನೆ. ಅಮೆರಿಕದ 90 ಸಾವಿರಕ್ಕೂ ಹೆಚ್ಚು ಅಬ್ಲೇಶನ್‌ಗಳ ಲೆಕ್ಕ 2013ರಲ್ಲಿ ಪ್ರಕಟವಾಗಿತ್ತು. ವರ್ಷಕ್ಕೆ 25ಕ್ಕಿಂತ ಕಡಿಮೆ ಮಾಡುವ ಡಾಕ್ಟರ ಹತ್ತಿರ, 50ಕ್ಕಿಂತ ಕಡಿಮೆ ಆಗುವ ಆಸ್ಪತ್ರೆಯಲ್ಲಿ ತೊಂದರೆಗಳು ಜಾಸ್ತಿ ಕಂಡಿದ್ದವು. ಹಾಗಾಗಿ ಈ ಪ್ರಶ್ನೆ ಕೇಳುವುದಕ್ಕೆ ಸಂಕೋಚ ಬೇಡ: "ಸಾರ್, ಎ.ಎಫ್. ಅಬ್ಲೇಶನ್ನೇ ವರ್ಷಕ್ಕೆ ಎಷ್ಟು ಮಾಡ್ತೀರಿ?" ಬೇರೆ ಅಬ್ಲೇಶನ್ ಎಲ್ಲ ಸೇರಿಸಿ ಹೇಳಿದರೆ ಬಿಡಿಸಿ ಕೇಳಿ. ರಕ್ತ ಸೋರಿದರೆ ಎದೆ ತೆರೆಯುವ ಸರ್ಜನ್ ಅವತ್ತು ಅದೇ ಕಟ್ಟಡದಲ್ಲಿ ಇರುತ್ತಾರಾ ಅಂತ ಕೇಳಿ. ಮಾಡಿಹೋದ ಡಾಕ್ಟರು ಆಮೇಲೆ ಸಿಗುತ್ತಾರಾ, ಇಲ್ಲ ವಿಮಾನ ಹತ್ತುತ್ತಾರಾ ಅಂತಲೂ. ನುರಿತವರು ಸಿಟ್ಟಾಗುವುದಿಲ್ಲ. ಎರಡನೇ ಡಾಕ್ಟರಿಗೆ ನಾನು ಕೇಳಿದೆ, ತಡವರಿಸದೆ ಹೇಳಿದರು, ತಮ್ಮ ಕೈಯಲ್ಲಿ ಆದ ತೊಂದರೆಗಳನ್ನೂ ಸೇರಿಸಿ. ಅಪ್ಪನಿಗೆ ಇದು ಸರಿಯೆನಿಸಿತು. "ಹೆವಿ ಲೈಸೆನ್ಸ್ ಇದೆ ಅಂತ ಮೊದಲ ದಿನವೇ ಶಿರಾಡಿ ಘಾಟಿಗೆ ಬಿಡ್ತಿದ್ರಾ ನಮ್ಮನ್ನ?" ಅಂದರು. ದುಡ್ಡಿನ ಚಿಂತೆ ಇರುವವರು ಸರ್ಕಾರದ ಜಯದೇವದಲ್ಲೂ ಇದಕ್ಕೆ ಪ್ರತ್ಯೇಕ ವಿಭಾಗ ಇದೆ ಅನ್ನುವುದನ್ನು ನೆನಪಿಡಿ. ನಾನು ಅಲ್ಲಿಗೂ ಹೋಗಿ ಒಂದು ಮಾತು ಕೇಳಬೇಕಿತ್ತು.

ಇನ್ನೊಂದು. ಕೆಲವರಿಗೆ ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾಗಿ ಎ.ಎಫ್. ಬಂದಿರುತ್ತದೆ. ನಮ್ಮ ಕಡೆ ಇಂಥವರು ಕಡಿಮೆಯೇನಿಲ್ಲ. ಅವರಿಗೆ ಅಪ್ಪನ ಮಾತ್ರೆ ಆಗುವುದಿಲ್ಲ, ಅಸಿಟ್ರಾಮ್ ಅಥವಾ ವಾರ್ಫರಿನ್ನೇ ಬೇಕು, ರಕ್ತ ಎಷ್ಟು ನಿಧಾನಕ್ಕೆ ಹೆಪ್ಪುಗಟ್ಟುತ್ತದೆ ಅಂತ ತಿಳಿಸುವ ಐಎನ್ಆರ್ ಪರೀಕ್ಷೆ ಮಾಡಿಸುತ್ತಾ ಇರಬೇಕು. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ಬದಲಿಸಬೇಡಿ. ಹಲ್ಲು ಕೀಳಿಸುವಾಗ ಯಾರಾದರೂ "ಬ್ಲಡ್ ಥಿನ್ನರ್ ಒಂದು ವಾರ ನಿಲ್ಲಿಸಿ" ಅಂದರೂ, ಮಾತ್ರೆ ಬರೆದ ಡಾಕ್ಟರಿಗೆ ಒಂದು ಫೋನ್ ಮಾಡಿಯೇ ಮುಂದಿನದು.

ಅಪ್ಪನಿಗೆ ಈಗ ಎಪಿಕ್ಸಾಬಾನ್ ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ಬೀರುವಿನ ಮೇಲೆ ಹೋಗಿದ್ದ ಮಾತ್ರೆ ಮತ್ತೆ ಊಟದ ಮೇಜಿಗೆ ಬಂದಿದೆ, ಅಮ್ಮ ಎದುರಿಗೆ ನಿಂತು ನುಂಗಿಸುತ್ತಾರೆ. ಅಪ್ಪ ನಡೆಯುತ್ತಾರೆ, ಪೇಪರ್ ಓದುತ್ತಾರೆ, ಬೈಯುತ್ತಾರೆ. ಎಡಗೈ ಬೆರಳಿಗೆ ಮಾತ್ರ ಅಂಗಿಯ ಗುಂಡಿ ಇನ್ನೂ ಸಿಗುವುದಿಲ್ಲ. ಯಾರಾದರೂ ಹಾಕಲು ಹೋದರೆ ಕೈ ತಳ್ಳುತ್ತಾರೆ. ಮೊನ್ನೆ ಮದುವೆಗೆ ಹೊರಟಾಗ ಐದು ಗುಂಡಿಗೆ ಹನ್ನೆರಡು ನಿಮಿಷ ಆಯಿತು. ನಾವು ಬಾಗಿಲ ಹೊರಗೆ ಕಾರಿನಲ್ಲಿ ಕೂತು ಕಾಯ್ದೆವು.